ಪಾರ್ಲರ್ ಮುಂದೆ ನಿದ್ದೆ ಹೋಗುತ್ತಿದ್ದ ಪಿಕಪ್ಪು

ಅದಕ್ಕೇ ನಾನು ಹೇಳಿದ್ದು, ಅತ್ತೆ ಉದ್ದ ಸ್ಕ್ರೂಡ್ರೈವರ್‌ನ ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಇಂಜಿನ್ನಿನ ಸದ್ದು ಕೇಳೋಕೆ ಬಗ್ಗಿದಾಗ ಯಾರೂ ಕೆಮ್ಮಬಾರದು ಅಂತ. ಸೀನಂತೂ ಬರಲೇಬಾರದು. ಹೋದ ವಾರ ಒಬ್ಬರು ಸೀನಿದ್ದಕ್ಕೆ, "ಗಾಡಿ ಚೆನ್ನಾಗಿದೆ ಸ್ವಾಮಿ, ನಿಮ್ದೇ ವಾಲ್ವ್ ಲೀಕು" ಅಂದುಬಿಟ್ಟರು. ಆ ಮನುಷ್ಯ ಪಾಪ ಮೂಗು ಹಿಡಿದುಕೊಂಡೇ ಗಾಡಿ ಓಡಿಸಿಕೊಂಡು ಹೋದ.

ಯಾವ ಅತ್ತೆ ಅಂತೀರಾ? ನಮ್ಮ ಬೀದಿಯ ಕೊನೆಯಲ್ಲಿ ನೀಲಿ ತಗಡಿನ ಶೆಡ್ಡು ಇದೆಯಲ್ಲ, ಹೊರಗೆ ಹಳೇ ಟೈರಿನೊಳಗೆ ಒಂದು ಬೆಕ್ಕು ಸುರುಳಿ ಸುತ್ತಿಕೊಂಡು ಬಿದ್ದಿರುತ್ತಲ್ಲ, ಆ ಶೆಡ್ಡಿನ ಮೆಕ್ಯಾನಿಕ್ ಅತ್ತೆ. ಬೀದಿಯಲ್ಲಿ ಯಾರಿಗೂ ಸ್ವಂತ ಅತ್ತೆಯಲ್ಲ, ಆದರೆ ಎಲ್ಲರಿಗೂ ಅತ್ತೆ. ವಯಸ್ಸು ಐವತ್ತೇಳು. ಎತ್ತರ ಬಾನೆಟ್‌ಗಿಂತ ಒಂದು ಗೇಣು ಜಾಸ್ತಿ, ಅದಕ್ಕೇ ಒಂದು ಮರದ ಪೆಟ್ಟಿಗೆ ಹತ್ತಿ ನಿಂತು ಕೆಲಸ ಮಾಡುತ್ತಾರೆ. ಚಿಕ್ಕವರಿದ್ದಾಗ ಇದೇ ಶೆಡ್ಡಿಗೆ ಅಪ್ಪನ ಊಟದ ಡಬ್ಬಿ ಕೊಡೋಕೆ ಬಂದವರು, ಡಬ್ಬಿ ಮೂಲೆಗಿಟ್ಟು ಯಾರದೋ ಕಾರ್ಬುರೇಟರ್ ಬಿಚ್ಚಿಕೊಂಡು ಕೂತರಂತೆ. ಅವತ್ತು ಅಪ್ಪನಿಗೆ ಉಪವಾಸ, ಮಗಳಿಗೆ ಕಸುಬು.

ಎಡಗಿವಿ ಮಾತ್ರ ಕೇಳಿಸುವುದಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಲಾರಿಯ ಸೈಲೆನ್ಸರ್ ಕಿವಿಯ ಪಕ್ಕದಲ್ಲೇ ಢಂ ಅಂದಿತ್ತು. ಅದಕ್ಕೆ ಅತ್ತೆಗೆ ಒಂಚೂರೂ ಬೇಜಾರಿಲ್ಲ. "ಬಲಗಿವಿ ಇಂಜಿನ್‌ಗೆ, ಎಡಗಿವಿ ನಮ್ಮನೆಯವರಿಗೆ" ಅನ್ನುತ್ತಾರೆ. ಅವರ ಮನೆಯವರು, ಅಂದರೆ ಮಾವ, ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು. ದಿನಾ ಶೆಡ್ಡಿನಲ್ಲೇ ಕುರ್ಚಿ ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದುತ್ತಾರೆ, ಅದೂ ಅತ್ತೆಯ ಎಡಕ್ಕೇ ಕೂತು. ಇಬ್ಬರದೂ ಸುಖಸಂಸಾರ.

ಅತ್ತೆಯ ಕೆಲಸದ ರೀತಿಯೇ ಬೇರೆ. ಗಾಡಿ ಬಂದ ತಕ್ಷಣ ಸ್ಪ್ಯಾನರ್ ಹಿಡಿಯುವುದಿಲ್ಲ. ಮೂರು ಕಾಲಿನ ಒಂದು ಸ್ಟೂಲು ಇದೆ, ಅದರ ಮೇಲೆ ಗಾಡಿಯ ಓನರ್‌ನ ಕೂರಿಸಿ, "ಮೊದ್ಲು ನೀನು ಬಾಯಿ ಬಿಚ್ಚು, ಆಮೇಲೆ ನಾನು ಬಾನೆಟ್ ಬಿಚ್ತೀನಿ" ಅನ್ನುತ್ತಾರೆ. ಆಮೇಲೆ ಶುರು ಪ್ರಶ್ನೆ. ಯಾವಾಗ ಆಯ್ತು, ಎಲ್ಲಿ ಆಯ್ತು, ಆಗ ಏನು ಲೋಡಿತ್ತು, ಯಾವ ಗೇರು, ರೇಡಿಯೋ ಹಾಕಿದ್ಯಾ, ಹೆಂಡತಿ ಪಕ್ಕದಲ್ಲಿದ್ದಳಾ. ಆ ಸ್ಟೂಲಿನ ಮೇಲೆ ಕೂತು ಸುಳ್ಳು ಹೇಳಿದವರ ಗಾಡಿ ರಿಪೇರಿಯಾಗಿದ್ದೇ ಇಲ್ಲ. ಸ್ಟೂಲಿಗೂ ಒಂದು ಕಾಲು ಸ್ವಲ್ಪ ಗಿಡ್ಡ, ಸುಳ್ಳು ಹೇಳಿದರೆ ಲಟಕ್ ಅನ್ನುತ್ತೆ ಅಂತ ನಮಗೆಲ್ಲ ಅನುಮಾನ.

ಆ ಸ್ಟೂಲಿಗೆ ಒಂದು ದಿನ ಹಾಸಿಗೆಯಣ್ಣ ಬಂದು ಕೂತ.

ಹಾಸಿಗೆಯಣ್ಣ ಅಂದರೆ ಹಾಸಿಗೆ, ದಿಂಬು ಮಾರುವವನು. ಗಂಡ ಗಾಡಿಯಲ್ಲಿ ಹಾಕಿಕೊಂಡು ಮನೆಮನೆಗೆ ಮುಟ್ಟಿಸುತ್ತಾನೆ, ಹೆಂಡತಿ ಮನೆಯಲ್ಲಿ ಮಿಷನ್ ಮುಂದೆ ಕೂತು ಕವರ್ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಒಂದೇ ಬಿಳೀ ಪಿಕಪ್ಪು. ಹೆಸರಿಗೆ ಬಿಳೀದು, ಈಗ ಉಜ್ಜದ ಹಲ್ಲಿನ ಬಣ್ಣ. ಹಿಂದೆ ದಪ್ಪ ಅಕ್ಷರದಲ್ಲಿ "ಗಾಢ ನಿದ್ದೆ ಗ್ಯಾರಂಟಿ" ಅಂತ ಬರೆಸಿದ್ದಾನೆ. ತೊಂದರೆ ಏನಪ್ಪಾ ಅಂದರೆ, ಒಂದು ತಿಂಗಳಿಂದ ಆ ಗಾಡಿಯೇ ಹಿಂದೆ ಬರೆದಿದ್ದನ್ನು ಓದಿಕೊಂಡಂಗೆ ರೋಡಿನ ಮಧ್ಯೆ ನಿದ್ದೆ ಹೋಗುತ್ತಿತ್ತು.

"ಓಡ್ತಾ ಓಡ್ತಾ ಗಪ್ ಅಂತ ಆಫ್ ಆಗುತ್ತೆ ಅತ್ತೆ. ಎಷ್ಟು ಕೀ ತಿರುಗಿಸಿದ್ರೂ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತೆ. ಒಬ್ಬ ಫಿಲ್ಟರ್ ಬದಲಾಯಿಸ್ದ, ಇನ್ನೊಬ್ಬ ಬ್ಯಾಟರಿ ಬದಲಾಯಿಸ್ದ, ಮೂರನೆಯವನು ಗಾಡೀನೇ ಬದಲಾಯಿಸು ಅಂದ."

"ಎಲ್ಲಿ ನಿಲ್ಲುತ್ತೆ?"

"ಅಲ್ಲೇ... ಪೇಟೆ ಕಡೆ. ಒಂದು ಕಡೆ."

ಸ್ಟೂಲು ಲಟಕ್ ಅಂತು.

"ಪೇಟೆ ಕಡೆ ಎಲ್ಲಪ್ಪ? ಪೇಟೆ ಏನು ನಿಮ್ಮನೆ ಹಿತ್ತಲಾ?"

"ಹಂಪ್ ಇದೆಯಲ್ಲ ಅತ್ತೆ... ಬ್ಯೂಟಿ ಪಾರ್ಲರ್ ಮುಂದೆ."

"ಯಾವತ್ತೂ ಅಲ್ಲೇನಾ?"

"ಯಾವತ್ತೂ ಅಲ್ಲೇ." ಹಾಸಿಗೆಯಣ್ಣ ತಲೆ ತಗ್ಗಿಸಿ ತನ್ನ ಚಪ್ಪಲಿಗೆ ಹೇಳಿದ.

ಆಮೇಲೆ ಒಂದೊಂದೇ ಹೊರಗೆ ಬಂತು. ಆ ಪಾರ್ಲರ್ ನಡೆಸುವವರು ಇವನ ಜೊತೆ ಒಂಬತ್ತನೇ ಕ್ಲಾಸು ಓದಿದವರು. ಆಗ ಇವನು ಅವರಿಗೆ ಒಂದು ಕಾಗದ ಬರೆದಿದ್ದ. ಉತ್ತರ ಬರಲಿಲ್ಲ, ಕಥೆ ಅಲ್ಲಿಗೇ ಮುಗೀತು. ಆದರೆ ಇವನಿಗೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ ನೋಡಿ, ಮದುವೆಯಾದ ಮೊದಲನೇ ವಾರವೇ ನಗ್ತಾ ನಗ್ತಾ ಹೆಂಡತಿಗೆ ಹೇಳಿಬಿಟ್ಟಿದ್ದ. ಅವಳೂ ನಕ್ಕಿದ್ದಳು. ಹದಿನಾಲ್ಕು ವರ್ಷ ಆದ ಮೇಲೆ, ಈಗ ಗಾಡಿ ದಿನಾ ಹೋಗಿ ಅಲ್ಲೇ ನಿಲ್ಲೋಕೆ ಶುರುವಾದಾಗ, ಆ ನಗು ವಾಪಸ್ ತಗೊಂಡಳು.

"ಕಾಯ್ತಾ ಕೂತಿದ್ರೆ ಅವರು ಟೀ ಕೊಟ್ಟು ಕಳಿಸ್ತಾರೆ ಅತ್ತೆ. ಬೇಡ ಅನ್ನೋಕಾಗುತ್ತಾ? ಮನೆಗೆ ಹೋದ್ರೆ ಇವಳು ದಿನಾ ಕೇಳ್ತಾಳೆ, ಇವತ್ತು ನಿಂತ್ತಾ ಅಂತ. ನಂಗೆ ಸುಳ್ಳು ಹೇಳೋಕೆ ಬರಲ್ಲ. ನಿಂತು ಅಂತೀನಿ. ಹನ್ನೊಂದು ದಿನದಿಂದ ಹೊರಗಿನ ರೂಮಲ್ಲಿ ಬೆಂಚ್ ಮೇಲೆ ಮಲಗ್ತಿದೀನಿ. ಸುತ್ತ ಎಂಟು ಹೊಸ ಹಾಸಿಗೆ! ಮಾರೋ ಮಾಲು, ಮುಟ್ಟಬೇಡಿ ಅಂತಾಳೆ. ಇನ್ನು ಈ ಶನಿವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಗಾಡಿ ಕೀ ಅವಳ ತಮ್ಮನಿಗಂತೆ. ನಾನು ಒಳಗೆ ಕೂತು ದಿಂಬಿಗೆ ಹತ್ತಿ ತುಂಬಬೇಕಂತೆ."

ಅವತ್ತು ಗುರುವಾರ. ದಿಂಬಿನ ಮೇಲೆ ಬೇಜಾರಿಲ್ಲ ಅವನಿಗೆ. ಆದರೆ ಆ ಸ್ಟಿಯರಿಂಗು, ಹನ್ನೊಂದು ವರ್ಷ ಹಿಡಿದ ಸ್ಟಿಯರಿಂಗು. ಅದಕ್ಕಿಂತ ಜಾಸ್ತಿ, ಹದಿನಾಲ್ಕು ವರ್ಷದ ಹೆಂಡತಿ ತನ್ನ ಮಾತು ನಂಬುತ್ತಿಲ್ಲವಲ್ಲ ಅನ್ನೋದು.

ಅತ್ತೆ ತಿಂಡಿ ಡಬ್ಬಿಯೊಳಗಿಂದ ಸ್ಕ್ಯಾನರ್ ತೆಗೆದರು. ಅದನ್ನು ಗಾಡಿಗೆ ಚುಚ್ಚಿದರೆ ಗಾಡಿಯೇ ತನ್ನ ಕಾಯಿಲೆ ಹೇಳಬೇಕು. ಗಾಡಿ ನನಗೇನೂ ಆಗಿಲ್ಲ ಅಂತು.

"ನೋಡಿ, ಗಾಡೀನೂ ಇವರ ಕಡೆಗೇ ಸೇರ್ಕೊಂಡಿದೆ!"

ಎಲ್ಲರೂ ತಿರುಗಿ ನೋಡಿದರು. ಶೆಡ್ಡಿನ ಬಾಗಿಲಲ್ಲಿ ಹಾಸಿಗೆಯಣ್ಣನ ಹೆಂಡತಿ, ಕಂಕುಳಲ್ಲಿ ಸುತ್ತಿದ ಕ್ಯಾಲೆಂಡರು. ಗಂಡ ನಿಜವಾಗಿಯೂ ಮೆಕ್ಯಾನಿಕ್ ಹತ್ತಿರ ಬಂದಿದ್ದಾನಾ ಅಂತ ನೋಡೋಕೆ ಹಿಂದೆಯೇ ಬಂದಿದ್ದಳು. ಬಂದವಳು ಕ್ಯಾಲೆಂಡರನ್ನು ಪಿಕಪ್ಪಿನ ಬಾನೆಟ್ ಮೇಲೆ ಫಟ್ ಅಂತ ಬಿಡಿಸಿದಳು. ತಾರೀಕು ತಾರೀಕಿಗೂ ಕೆಂಪು ದಾರದಲ್ಲಿ ಹೊಲಿದ ಒಂದೊಂದು ಇಂಟು ಮಾರ್ಕು!

"ಇದೇನಮ್ಮ, ಕ್ಯಾಲೆಂಡರ್‌ಗೆ ಕಸೂತಿ ಹಾಕಿದೀಯ?" ಅಂದರು ಅತ್ತೆ.

"ಗಾಡಿ ನಿಂತ ದಿನಗಳು ಅತ್ತೆ. ಪೆನ್ನಲ್ಲಿ ಬರೆದ್ರೆ ಅಳಿಸಿಬಿಡ್ತಾರೆ. ಹೊಲಿದ್ರೆ ಏನ್ ಮಾಡ್ತಾರೆ?"

ಅತ್ತೆ ಕನ್ನಡಕ ಏರಿಸಿಕೊಂಡು, ಮರದ ಪೆಟ್ಟಿಗೆ ಹತ್ತಿ, ಕ್ಯಾಲೆಂಡರ್ ಮೇಲೆ ಬಗ್ಗಿದರು. ನಾವು ಯಾರೂ ಕೆಮ್ಮಲಿಲ್ಲ.

"ಪಾರ್ಲರ್‌ಗೆ ರಜ ಯಾವತ್ತು?"

"ಬುಧವಾರ. ಬೋರ್ಡ್ ಇದೆ. ನಾನೇ ಹೋಗಿ ಓದ್ಕೊಂಡು ಬಂದಿದೀನಿ."

"ಬುಧವಾರಾನೂ ಹೊಲಿಗೆ ಇದೆಯಲ್ಲಮ್ಮ. ಬಾಗಿಲು ಹಾಕಿರೋ ಪಾರ್ಲರ್ ಮುಂದೆ ಇವನು ಯಾಕೆ ನಿಲ್ಲಿಸ್ತಾನೆ?"

ಹೆಂಡತಿ ಬುಧವಾರದ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದಳು. "ರಜ ಇದ್ರೆ ಇನ್ನೂ ಅನುಕೂಲ ಅಲ್ವಾ?"

"ಸರಿ. ಭಾನುವಾರ ಬಿಡು, ವ್ಯಾಪಾರ ಇಲ್ಲ. ಈ ಏಳು, ಎಂಟನೇ ತಾರೀಕು ಖಾಲಿ ಇದೆ. ಯಾಕೆ?"

ಗಂಡ ಹೆಂಡತಿ ಇಬ್ಬರೂ ನೆನಪು ಮಾಡಿಕೊಂಡರು. ಏಳು, ಎಂಟು ಇಡೀ ದಿನ ಜಿಟಿಜಿಟಿ ಮಳೆ, ಚಳಿ. ಹದಿನೈದೂ ಖಾಲಿ. ಅವತ್ತು ಹಾಸಿಗೆ ಇರಲಿಲ್ಲ, ಬರೀ ದಿಂಬು.

ಅತ್ತೆಯ ಮುಖ ಹೆಡ್‌ಲೈಟ್ ಥರ ಹೊಳೆಯಿತು. "ತಂಪಿದ್ರೆ ನಿಲ್ಲಲ್ಲ. ಲೋಡ್ ಕಮ್ಮಿ ಇದ್ರೆ ನಿಲ್ಲಲ್ಲ. ಬಿಸಿಯಾದ್ರೇನೇ ನಿಲ್ಲೋದು. ಗೋಡೌನ್‌ನಿಂದ ಉದ್ದ ಏರು, ಆಮೇಲೆ ರೈಲ್ವೆ ಗೇಟಲ್ಲಿ ಇಂಜಿನ್ ಆನ್ ಇಟ್ಕೊಂಡೇ ಕಾಯ್ತೀಯ, ಕಾದು ಕೆಂಡ ಆಗಿರುತ್ತೆ. ಹಂಪ್ ಹತ್ತಿರ ಆಕ್ಸಿಲರೇಟರ್‌ನಿಂದ ಕಾಲು ತೆಗೀತೀಯ, ಕುಲುಕುತ್ತೆ, ಮುಗೀತು. ಪಾರ್ಲರ್ ಆ ಹಂಪ್ ಪಕ್ಕ ಇರೋದು ಅದರ ಕರ್ಮ. ಅಮ್ಮಾ ತಾಯಿ, ಸ್ಕ್ಯಾನರ್ ಹೇಳದೇ ಇರೋದನ್ನ ನಿನ್ನ ಹೊಟ್ಟೆಕಿಚ್ಚು ಹೇಳ್ತು. ನಂಗೆ ಸೆನ್ಸರ್ ಮೇಲೆ ಡೌಟು."

ಇಲ್ಲೇ ಯಡವಟ್ಟಾಗಿದ್ದು.

"ಸೆನ್ಸಾರಾ?" ಹೆಂಡತಿಯ ಕಣ್ಣು ಸಾಸರ್‌ನಷ್ಟು ಅಗಲ ಆಯಿತು. "ಸಿನಿಮಾಗೆ ಮಾಡ್ತಾರಲ್ಲ, ಅದಾ? ಅಂಥಾದ್ದೇನ್ರೀ ನಡೆದಿದೆ ಗಾಡಿಯೊಳಗೆ?"

"ಅಯ್ಯೋ ಅದಲ್ವೇ!" ಅಂದ ಹಾಸಿಗೆಯಣ್ಣ.

ಮಾವ ಪೇಪರಿನ ಹಿಂದಿನಿಂದ, ಏನು ವಿಷಯ ಅಂತ ಗೊತ್ತಿಲ್ಲದೇ, "ಸೆನ್ಸಾರ್ ಅಂದ್ರೆ ಕತ್ತರಿ ಗ್ಯಾರಂಟಿ" ಅಂದರು. ಹಾಸಿಗೆಯಣ್ಣ ಸ್ಟೂಲು ಸಮೇತ ಒಂದಡಿ ಹಿಂದೆ ಸರಿದ.

ಅತ್ತೆ ಇಬ್ಬರನ್ನೂ ಸುಮ್ಮನಾಗಿಸಿ ವಿವರಿಸಿದರು. "ಇಂಜಿನ್ ಒಳಗೆ ಒಂದು ಹಲ್ಲಿನ ಚಕ್ರ ಸುತ್ತುತ್ತೆ. ಅದರ ಪಕ್ಕ ಹೆಬ್ಬೆರಳುದ್ದದ ಒಂದು ಸಾಮಾನು, ಅದೇ ಕ್ರ್ಯಾಂಕ್ ಸೆನ್ಸರ್ರು. ಕ್ಲಾಸಲ್ಲಿ ಹಾಜರಿ ಕೂಗ್ತಾರಲ್ಲ, ಹಂಗೆ ಹಲ್ಲು ಎಣಿಸಿ ಎಣಿಸಿ ಗಾಡಿಯ ಕಂಪ್ಯೂಟರ್‌ಗೆ ಹೇಳ್ತಾ ಇರುತ್ತೆ, ಸುತ್ತುತಾ ಇದೆ, ಡೀಸೆಲ್ ಕೊಡು ಅಂತ. ಈ ಹಾಜರಿ ಕೂಗೋನಿಗೆ ಬಿಸಿ ಏರಿದ್ರೆ ತೂಕಡಿಕೆ. ಕೂಗು ನಿಂತ್ರೆ ಕಂಪ್ಯೂಟರ್ ಏನಂದ್ಕೊಳ್ಳುತ್ತೆ? ಇಂಜಿನ್ ನಿಂತಿದೆ ಅಂದ್ಕೊಂಡು ಡೀಸೆಲ್ ಬಂದ್ ಮಾಡುತ್ತೆ. ತಣ್ಣಗಾದ್ರೆ ಅವನಿಗೆ ಎಚ್ಚರ."

"ಕಥೆ ಚೆನ್ನಾಗಿದೆ" ಅಂದಳು ಹೆಂಡತಿ. "ನಂಗೆ ಕಣ್ಣಿಗೆ ಕಾಣಬೇಕು."

"ಕಾಣಿಸೋಣ. ನಡಿ, ಹತ್ತು."

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಆದರೆ ಮೂವರ ಬಾಯಲ್ಲಿ ಬೇರೆ ಬೇರೆ ಕೇಳಿದ್ದೇನೆ, ಮೂರೂ ಒಂದೇ ಥರ ಇತ್ತು, ಹಾಸಿಗೆಯಣ್ಣನದರಲ್ಲಿ ಮಾತ್ರ ಬೆವರು ಜಾಸ್ತಿ. ಮುಂದೆ ಮೂವರು, ಹಿಂದೆ ಗೋಡೌನ್‌ನಲ್ಲಿ ಹೇರಿಕೊಂಡ ಎಂಟು ಹಾಸಿಗೆ. ಏರು ಹತ್ತಿದ್ದಾಯ್ತು, ಗೇಟಲ್ಲಿ ಗೂಡ್ಸ್ ರೈಲಿನ ಡಬ್ಬಿ ಎಣಿಸಿದ್ದಾಯ್ತು. ಹಂಪ್ ಬಂತು. ಅತ್ತೆ ಮೀಟರ್ ಕಡೆಗೇ ಕಣ್ಣು ನೆಟ್ಟಿದ್ದರು. ಇಂಜಿನ್ ವೇಗದ ಮುಳ್ಳು ಒಂದೇ ಸಲ ಪಟ್ ಅಂತ ಸೊನ್ನೆಗೆ ಬಿತ್ತು, ಗಾಡಿ ಇನ್ನೂ ಉರುಳುತ್ತಿದ್ದಂಗೇ. ಆಮೇಲೆ ಗಪ್‌ಚಿಪ್.

"ನೋಡಿದ್ಯಾ? ಚಕ್ರ ಸುತ್ತುತಿರೋವಾಗ್ಲೇ ಮುಳ್ಳು ಬಿತ್ತು. ಹಾಜರಿಯವನು ಮಲಗಿದ!"

ಹೆಂಡತಿ ಮುಳ್ಳು ನೋಡಲಿಲ್ಲ. ಪಾರ್ಲರ್ ಬಾಗಿಲು ನೋಡುತ್ತಿದ್ದಳು. ಬಾಗಿಲು ತೆರೆಯಿತು. ಪಾರ್ಲರಿನವರು ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ಬಂದರು, ಹಿಂದೆ ಮುಖಕ್ಕೆಲ್ಲ ಬಿಳೀ ಲೇಪ ಬಳಿದುಕೊಂಡ ಒಬ್ಬ ಗಿರಾಕಿ ಇಣುಕಿದರು.

"ಏನಣ್ಣಾ, ಇವತ್ತು ಐದು ನಿಮಿಷ ಲೇಟು?"

ಹೆಂಡತಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. "ಅಣ್ಣ ಅಂತಾರಾ?"

"ಹೂಂ."

"ಮೊದಲಿಂದಾನೂ?"

"ಹೂಂ. ಮೊದಲನೇ ದಿನದಿಂದಾನೂ."

"ಇದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ಒಂದು ತಿಂಗಳು ಹೊಲಿದಿದೀನಲ್ರೀ!"

ಹಾಸಿಗೆಯಣ್ಣ ಸ್ಟಿಯರಿಂಗ್ ಸವರಿದ. "ಹೇಳೋಕೆ ಒಂಥರಾ... ಬೇಜಾರಾಗ್ತಿತ್ತು."

ಸುಳ್ಳೇ ಬರದ ಮನುಷ್ಯ ಬಚ್ಚಿಟ್ಟಿದ್ದು ಇಡೀ ಜನ್ಮದಲ್ಲಿ ಅದೊಂದೇ ಮಾತು. ಅವನನ್ನು ಉಳಿಸಬಹುದಾಗಿದ್ದ ಮಾತೂ ಅದೊಂದೇ!

ಅಷ್ಟು ಹೊತ್ತಿಗೆ ಅತ್ತೆ ಗಾಡಿಯ ಕೆಳಗೆ ತೂರಿ, ಒದ್ದೆ ಬಟ್ಟೆಯನ್ನು ಸೆನ್ಸರ್ ಮೇಲೆ ಒತ್ತಿ ಹಿಡಿದಿದ್ದರು. ಎರಡು ನಿಮಿಷಕ್ಕೆ "ತಿರುಗ್ಸು" ಅಂದರು. ಗಾಡಿ ಗುರ್ ಅಂತ ಎದ್ದಿತು. ಹೆಂಡತಿಗೆ ಮಾತ್ರ ಇನ್ನೂ ಅರ್ಧ ಸಮಾಧಾನ.

"ಅವರು ಅಣ್ಣ ಅಂದ್ರು, ಸರಿ. ಇವರು ತಂಗಿ ಅಂದ್ರಾ? ಮತ್ತೆ ಒದ್ದೆ ಬಟ್ಟೆ ಹಾಕಿದ್ರೆ ಯಾರಿಗಾದ್ರೂ ಎಚ್ಚರ ಆಗುತ್ತೆ. ನಿಲ್ಲೋದು ಈ ಪಾರ್ಲರ್ ಮುಂದೇನೇ ಅಲ್ವಾ?"

ಅತ್ತೆ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿದರು. "ನೀನು ಎಲ್ಲಿ ಹೇಳ್ತೀಯೋ ಅಲ್ಲಿ ನಿಲ್ಲಿಸ್ತೀನಿ. ಜಾಗ ನೀನೇ ಹೇಳು."

"ನಮ್ಮನೆ ಮುಂದೆ ನಿಲ್ಲಿಸಿ ನೋಡೋಣ!"

"ಆಯ್ತು. ಆದ್ರೆ ಬಿಸಿ ಗಾಳಿ ಬೇಕು." ಅತ್ತೆ ಪಾರ್ಲರಿನವರ ಕಡೆ ನೋಡಿದರು. "ನಿಮ್ಮ ಹತ್ರ ಕೂದಲು ಒಣಗಿಸೋ ಡ್ರೈಯರ್ ಇರುತ್ತಲ್ಲಮ್ಮ?"

ಪಾರ್ಲರಿನವರು ಡ್ರೈಯರ್ ಕೊಡಲು ಒಪ್ಪಿದರು, ಆದರೆ ಬೇರೆಯವರ ಕೈಗೆ ಕೊಟ್ಟು ಕಳಿಸಲು ಒಪ್ಪಲಿಲ್ಲ. "ಹೋದ ಸಲ ಕೊಟ್ಟಿದ್ದು ಬರ್ಲೇ ಇಲ್ಲ. ನಾನೂ ಬರ್ತೀನಿ" ಅಂತ ಹತ್ತಿಯೇಬಿಟ್ಟರು. ಮುಖಕ್ಕೆ ಲೇಪ ಬಳಿದುಕೊಂಡ ಗಿರಾಕಿಗೆ "ನಗಬೇಡಿ, ಬಿರುಕು ಬಿಡುತ್ತೆ" ಅಂತ ಹೇಳಿ ಹೊರಟರು. ಮುಂದೆ ಮೂರೇ ಸೀಟು. ಅತ್ತೆ ಹಿಂದೆ ಹೋಗಿ ಹಾಸಿಗೆಗಳ ಮೇಲೆ ಮಲಗಿದರು, ಮೂರನೇ ತಿರುವಿಗೆ ಗೊರಕೆ. ಗ್ಯಾರಂಟಿ ಅಂದರೆ ಗ್ಯಾರಂಟಿ.

ಮುಂದೆ ಹಾಸಿಗೆಯಣ್ಣ, ಪಕ್ಕ ಹೆಂಡತಿ, ಅವಳ ಪಕ್ಕ ಪಾರ್ಲರಿನವರು, ತೊಡೆಯ ಮೇಲೆ ಡ್ರೈಯರ್. ಹೆಂಡತಿಯೇ ಮಾತು ಶುರು ಮಾಡಿದಳು.

"ನೀವಿಬ್ರೂ ಒಂದೇ ಕ್ಲಾಸಲ್ವಾ?"

"ಯಾರು?" ಅಂದರು ಪಾರ್ಲರಿನವರು.

"ಇವರೂ ನೀವೂ. ಒಂಬತ್ತನೇ ಕ್ಲಾಸು."

ಪಾರ್ಲರಿನವರು ಬಗ್ಗಿ ಹಾಸಿಗೆಯಣ್ಣನ ಮುಖವನ್ನು ಆ ಕಡೆಯಿಂದ, ಈ ಕಡೆಯಿಂದ, ಹುಬ್ಬು ತೀಡುವ ಮುಂಚೆ ನೋಡುವ ಹಾಗೆ ನೋಡಿದರು. "ಇವರಾ? ನೆನಪೇ ಆಗ್ತಿಲ್ಲ ಅಕ್ಕ. ಪಾಪ ಗಾಡಿ ಕೈಕೊಟ್ಟು ಕೂತಿದಾರಲ್ಲ ಅಂತ ಟೀ ಕೊಡ್ತಿದ್ದೆ ಅಷ್ಟೇ."

"ನೆನಪೇ ಇಲ್ವಾ?" ಹೆಂಡತಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮೊದಲನೇ ಬೆಂಚು ಇವರು! ಓಟದಲ್ಲಿ ಎರಡನೇ ಪ್ರೈಜು! ನಿಮಗೆ ಕಾಗದ ಬೇರೆ ಬರೆದಿದಾರೆ!"

"ಏ, ಸುಮ್ನಿರೇ..." ಅಂದ ಹಾಸಿಗೆಯಣ್ಣ.

"ನೀವು ಸುಮ್ನಿರಿ! ನಿಮ್ಮಂಥೋರನ್ನ ಮರೆಯೋದು ಅಂದ್ರೇನು?"

"ಓ, ಕಾಗದಾನಾ?" ಪಾರ್ಲರಿನವರು ಡ್ರೈಯರಿನಿಂದ ಹಣೆ ಬಡಿದುಕೊಂಡರು. "ಸೈನ್ಸ್ ನೋಟ್ಸ್ ಕೊಡಿ ಅಂತ ಒಂದು ಚೀಟಿ ಬಂದಿತ್ತು ಯಾರದೋ. ಹೆಸರು ಬರೆದಿರಲಿಲ್ಲ, ಯಾರಿಗೆ ಕೊಡೋದು ಅಂತ ಸುಮ್ನಾದೆ."

ಹೆಂಡತಿ ಗಂಡನನ್ನು ನೋಡಿದಳು. "ಹೆಸರೇ ಬರೀಲಿಲ್ವಾ?"

"ಭಯ ಆಯ್ತು" ಅಂದ ಅವನು. "ಪ್ರೀತಿ ವಿಷಯ ಎರಡನೇ ಚೀಟೀಲಿ ಬರೆಯೋಣ ಅಂತಿದ್ದೆ."

ಆಮೇಲೆ ಮನೆ ಬರುವ ತನಕ ಇಬ್ಬರೂ ಹೆಂಗಸರು ನಕ್ಕಿದ್ದಕ್ಕೆ ಗಾಡಿ ಎರಡು ಕಡೆ ಓಲಾಡಿತಂತೆ. ಹಿಂದೆ ಅತ್ತೆಗೆ ಆಗಲೇ ಎಚ್ಚರವಾಗಿದ್ದು.

ಮನೆ ಮುಂದೆ ಅತ್ತೆ ಮೊದಲು ಬಾನೆಟ್ ಎತ್ತಿಸಿ, ಒದ್ದೆ ಬಟ್ಟೆ ಹಾಕಿ ಚೆನ್ನಾಗಿ ತಣಿಸಿದರು. ಗಾಡಿ ಸ್ಟಾರ್ಟ್ ಮಾಡಿಸಿ ಕಾಲು ಗಂಟೆ ಸುಮ್ಮನೆ ಬಿಟ್ಟರು. ಆರಾಮಾಗಿ ಗುರುಗುಟ್ಟುತ್ತಿತ್ತು. ಕಿಟಕಿಯಿಂದ ಎಕ್ಸ್‌ಟೆನ್ಷನ್ ವಯರ್ ಎಳೆದರು. ಡ್ರೈಯರ್ ಹಿಡಿದು ಅತ್ತೆ ಗಾಡಿಯ ಕೆಳಗೆ ಹೋದರು. ಸ್ವಿಚ್ಚು ಹೆಂಡತಿಯ ಕೈಯಲ್ಲಿ.

"ಹಾಕು!"

ಹಾಕಿದಳು. ಒಂದು ನಿಮಿಷ. ಎರಡು. ಪಕ್ಕದ ಮನೆಯವರು ಬಂದು, ಗಾಡಿಗೆ ಸ್ನಾನ ಆಯ್ತಾ ಅಂತ ಕೇಳಿ ಹೋದರು. ಮೂರು. ಹಾಸಿಗೆಯಣ್ಣ ಸೀಟಿನಲ್ಲಿ ಉಸಿರು ಹಿಡಿದು ಕೂತಿದ್ದ. ನಾಲ್ಕನೇ ನಿಮಿಷಕ್ಕೆ ಮುಳ್ಳು ಪಟ್ ಅಂತ ಬಿತ್ತು. ಇಂಜಿನ್ ಗಪ್!

"ನಿಂತು! ಅತ್ತೆ, ನಾನೇ ನಿಲ್ಲಿಸ್ದೆ!"

"ತೆಗಿ ಸ್ವಿಚ್ಚು, ನನ್ನ ಕೈ ಸುಡ್ತಿದೆ!"

ಒದ್ದೆ ಬಟ್ಟೆ ಹಾಕಿದರು, ಎದ್ದಿತು. ಬಿಸಿ ಗಾಳಿ ಬಿಟ್ಟರು, ಮಲಗಿತು. ಹೆಂಡತಿಗೆ ಎಷ್ಟು ಖುಷಿಯಾಯಿತೆಂದರೆ ಮೂರು ಸಲ ಮಾಡಿಸಿದಳು, ನಾಲ್ಕನೇ ಸಲಕ್ಕೆ ಅತ್ತೆಯೇ ಕೆಳಗಿನಿಂದ, "ತಾಯಿ, ಗಾಡಿಗೂ ಸ್ವಲ್ಪ ಮರ್ಯಾದೆ ಇದೆ" ಅಂದರು. ಪಾರ್ಲರಿನವರು ತಮ್ಮ ಡ್ರೈಯರ್ ಒರೆಸಿಕೊಂಡು, "ಕೂದಲಿಗಿಂತ ಬೇಗ ಕೆಲಸ ಆಯ್ತು" ಅಂದರು. ಆಮೇಲೆ "ಅಯ್ಯೋ, ಲೇಪ!" ಅಂತ ಓಡಿದರು. ಆ ಗಿರಾಕಿ ಅಷ್ಟು ಹೊತ್ತೂ ನಗದೇ ಕೂತಿದ್ದರಂತೆ, ಅದು ದೊಡ್ಡ ವಿಷಯ.

ಮಾರನೇ ದಿನ, ಶುಕ್ರವಾರ, ಹೊಸ ಸೆನ್ಸರ್ ಬಂತು, ಅತ್ತೆ ಕೂರಿಸಿದರು. ಶನಿವಾರ ಪಿಕಪ್ಪು ತುಂಬಾ ಹಾಸಿಗೆ ಹೇರಿಕೊಂಡು, ಉರಿಬಿಸಿಲಿನಲ್ಲಿ ಏರು ಹತ್ತಿ, ಗೇಟಲ್ಲಿ ಕಾದು, ಹಂಪ್ ಹಾರಿ, ಪಾರ್ಲರ್ ದಾಟಿ ಹೋಯಿತು. ಹಾಸಿಗೆಯಣ್ಣ ಒಂದು ಹಾರ್ನ್ ಹೊಡೆದ. ಪಾರ್ಲರಿನವರು ತಲೆ ಎತ್ತಲಿಲ್ಲ. ಸಂಜೆ ಹೆಂಡತಿ "ಇವತ್ತು?" ಅಂದಳು. "ನಿಲ್ಲಲಿಲ್ಲ" ಅಂದ. ಅವಳು ಬೆಂಚಿನ ಮೇಲಿದ್ದ ಅವನ ದಿಂಬನ್ನು ಎತ್ತಿಕೊಂಡು ಒಳಗಿನ ರೂಮಿಗೆ ಹೋದಳು. ತಮ್ಮನಿಗೆ ಗಾಡಿ ಕೀ ಇನ್ನೂ ಸಿಕ್ಕಿಲ್ಲ, ಸಿಗುವುದೂ ಇಲ್ಲ.

ಆ ಕೆಂಪು ಹೊಲಿಗೆಯ ಕ್ಯಾಲೆಂಡರ್ ಈಗ ಅತ್ತೆಯ ಶೆಡ್ಡಿನಲ್ಲಿ ನೇತಾಡುತ್ತಿದೆ, ಹಳೇ ಸೆನ್ಸರ್ ಅದೇ ಮೊಳೆಗೆ. ಯಾರೇ ಬಂದು ಗಾಡಿ ಆಗಾಗ ನಿಲ್ಲುತ್ತೆ ಅಂದರೂ ಅತ್ತೆಯ ಮೊದಲ ಪ್ರಶ್ನೆ, "ಹೊಲಿದು ತಂದಿದೀಯಾ?" ಮಾವ ಮಾತ್ರ ಇನ್ನೂ ಅದನ್ನು ಸೆನ್ಸಾರ್ ಅಂತಲೇ ಅನ್ನುತ್ತಾರೆ, ಅತ್ತೆಗೆ ಎಡಗಿವಿ ಕಡೆಯಿಂದ, ಹಾಗಾಗಿ ಜಗಳವಿಲ್ಲ.

ನಿಮ್ಮ ಗಾಡಿಯೂ ಎಲ್ಲಾದರೂ ನಿಲ್ಲುತ್ತಾ? ನಿಲ್ಲದಿದ್ದರೂ ಪರವಾಗಿಲ್ಲ, ಒಂದು ಸಲ ಹೋಗಿ ಅತ್ತೆಯನ್ನು ಮಾತಾಡಿಸಿ ಬನ್ನಿ. ಬಲಗಡೆ ನಿಂತು ಮಾತಾಡಿ, ಬೆಕ್ಕನ್ನು ಟೈರಿನಿಂದ ಎಬ್ಬಿಸಬೇಡಿ, ಸೀನು ಬಂದರೆ ಹೊರಗೆ ಹೋಗಿ ಸೀನಿ. ಆ ಸ್ಟೂಲಿನ ಮೇಲೆ ಕೂತಾಗ, ಎಲ್ಲಿ ನಿಂತಿತು ಅಂತ ಕೇಳಿದರೆ, ಇದ್ದಿದ್ದನ್ನು ಇದ್ದ ಹಾಗೆ ಹೇಳಿಬಿಡಿ. ಅಲ್ಲಿ ಟೀ ಕೊಡೋರು ನಿಮ್ಮನ್ನ ಅಣ್ಣ ಅಂತಾರೆ ಅನ್ನೋದನ್ನೂ ಸೇರಿಸಿ. ಹೋಗ್ತೀರಲ್ಲ?